ತಮ್ಮನ ಬೆಸುಗೆ

ಕಾರ್ಕಳದ ಫೆಲಿಕ್ಸಣ್ಣನ ಗ್ಯಾರೇಜಿಗೆ ಹೋದವರೆಲ್ಲ ಮಾತಾಡುತ್ತಿದ್ದದ್ದು ಅವರ ಪಾದಗಳ ಜೊತೆ. ಜೀಪಿನಡಿ ಮಲಗಿದ ಮನುಷ್ಯ ಹೊರಗೆ ಬರುತ್ತಿರಲಿಲ್ಲ. ಬೈಗುಳ ಮಾತ್ರ ಬರುತ್ತಿತ್ತು. "ಗಾಡಿಯನ್ನು ಕತ್ತೆ ಮಾಡಿದ್ದೀಯಲ್ಲ ಮಾರಾಯ, ನಿನಗೆ ಲೈಸೆನ್ಸ್ ಕೊಟ್ಟವ ಯಾರು?" ೧೯೮೦ರ ಆಸುಪಾಸಿನಲ್ಲಿ ಅಜೆಕಾರಿಗೆ ಜನ ಹತ್ತಿಸುವ ಸರ್ವಿಸ್ ಜೀಪು ಓಡಿಸುತ್ತಿದ್ದ ನನಗೆ, ಆ ಬೈಗುಳ ಕೇಳದಿದ್ದರೆ ರಿಪೇರಿ ಸರಿಯಾಗಿದೆಯೆಂಬ ಧೈರ್ಯವೇ ಬರುತ್ತಿರಲಿಲ್ಲ.

ಅವರು ಬೈಯದೆ ಬಿಟ್ಟದ್ದು ತಮ್ಮ ಆಲ್ಬರ್ಟನನ್ನು ಮಾತ್ರ. ತಂದೆ ತೀರಿದ ಮೇಲೆ ಅವನನ್ನು ಸಾಕಿ ಕೆಲಸ ಕಲಿಸಿದ್ದರು. ಅವನಿಗೆ ಗಲ್ಫಿನ ವೀಸಾ ಬಂದಾಗ ಗ್ಯಾರೇಜಿಗೆ ಬಂದವರಿಗೆಲ್ಲ ಚಹಾ ಕೊಡಿಸಿದರು.

ಆಗಲೇ ಒಬ್ಬ ಕಲ್ಲುಕೋರೆ ಗುತ್ತಿಗೆದಾರ ಜೀಪು ತಂದ. ಕೋರೆಯ ಏರು ಹತ್ತಲು ದಪ್ಪ ಟಯರು ಹಾಕಿ, ಗಾಡಿಯನ್ನು ಎತ್ತರಿಸಿ ಕೊಡಬೇಕಿತ್ತು.

"ಎತ್ತರ ಮಾಡ್ಲಿಕ್ಕೆ ಯಾರಿಗಾದ್ರೂ ಬರ್ತದೆ," ಎಂದರು ಫೆಲಿಕ್ಸಣ್ಣ. "ಇಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ಈ ಶಾಫ್ಟಿನಲ್ಲಿ. ಗಾಡಿ ಎತ್ತಿದರೆ ಇದರ ಉದ್ದ ಸಾಲುವುದಿಲ್ಲ, ಓರೆ ಬೇರೆ ಆಗ್ತದೆ. ಹೊಸತು, ದಪ್ಪದ್ದು ಮಾಡಿಸ್ಬೇಕು. ಆಕ್ಸಲೂ ಗಟ್ಟಿ ಮಾಡ್ಬೇಕು. ಅಲ್ಲಿವರೆಗೆ ಗಾಡಿ ಇಲ್ಲಿಂದ ಅಲುಗುವುದಿಲ್ಲ."

ಸ್ಪ್ರಿಂಗಿನ ಪಟ್ಟಿ ಹೆಚ್ಚಿಸಿ ಗಾಡಿಯನ್ನು ಎತ್ತರಿಸಿಟ್ಟು, ಶಾಫ್ಟು ಮಾಡಿಸಲು ನನ್ನ ಜೀಪಿನಲ್ಲೇ ಉಡುಪಿಯ ಲೇತ್ ಅಂಗಡಿಗೆ ಬಂದರು. ಇಡೀ ದಿನ ಅಲ್ಲಿದ್ದೆವು. ಸಂಜೆ ಹೊಸ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ ತಂದರೆ ಗ್ಯಾರೇಜಿನಲ್ಲಿ ಗುತ್ತಿಗೆದಾರನ ಜೀಪೇ ಇಲ್ಲ. ಅವನು ಅವಸರ ಮಾಡಿದನೆಂದು ಆಲ್ಬರ್ಟ್ ಹಳೆಯ ಶಾಫ್ಟಿಗೇ ತುಂಡು ಪೈಪು ಬೆಸೆದು ಕೊಟ್ಟುಬಿಟ್ಟಿದ್ದ. ಫೆಲಿಕ್ಸಣ್ಣ ನನ್ನ ಜೀಪು ಹತ್ತಿ, ಕೋರೆಯ ಕಡೆ ಕೈ ತೋರಿಸಿದರು.

ನಾವು ತಲುಪುವಾಗ ಎಲ್ಲ ಮುಗಿದಿತ್ತು. ಏರಿನಲ್ಲಿ ಬೆಸುಗೆ ಬಿಟ್ಟು, ರಭಸದಿಂದ ತಿರುಗುತ್ತಿದ್ದ ಶಾಫ್ಟು ಬ್ರೇಕಿನ ಪೈಪನ್ನೂ ಹರಿದುಹಾಕಿತ್ತು. ಹಿಂದಕ್ಕೆ ಉರುಳಿದ ಜೀಪಿನಡಿ ಗುತ್ತಿಗೆದಾರನ ಡ್ರೈವರ್ ಸದಾನಂದ ಸತ್ತಿದ್ದ. ಅವನ ಹೆಂಡತಿ ಬಸುರಿ.

ಠಾಣೆಯಲ್ಲಿ ನಾನು ಹೇಳಿದೆ: "ಸಾರ್, ಫೆಲಿಕ್ಸಣ್ಣ ಬೆಳಗ್ಗಿನಿಂದ ನನ್ನ ಜೊತೆ ಉಡುಪಿಯಲ್ಲಿದ್ದರು."

"ಇವನಿಗೆ ಎಂತ ಗೊತ್ತುಂಟು ಸಾರ್?" ಫೆಲಿಕ್ಸಣ್ಣ ನನ್ನ ಮುಖ ನೋಡಲಿಲ್ಲ. "ಸದ್ಯಕ್ಕೆ ಇರ್ಲಿ ಅಂತ, ಹೊರಡುವ ಮೊದಲು ವೆಲ್ಡಿಂಗ್ ಮಾಡಿದ್ದು ನಾನೇ."

ಆಲ್ಬರ್ಟ್ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿ ಅಂಗಳಕ್ಕೆ ಇಳಿದುಹೋದ.

"ಯಾಕೆ ಹೀಗೆ ಮಾಡಿದಿರಿ?" ಎಂದು ಆಮೇಲೆ ಠಾಣೆಯ ಜಗಲಿಯಲ್ಲಿ ಕೇಳಿದೆ.

"ಕೇಸಿನಲ್ಲಿ ಹೆಸರು ಬಂದ್ರೆ ಅವನಿಗೆ ಗಲ್ಫಿಗೆ ಹೋಗ್ಲಿಕ್ಕುಂಟಾ? ಸುಮ್ಮನಿರು ನೀನು."

ಆಲ್ಬರ್ಟ್ ವಿಮಾನ ಹತ್ತಿದ. ಫೆಲಿಕ್ಸಣ್ಣ ಜೈಲಿಗೆ ಹೋದರು. ಬಂದ ಮೇಲೆ ನನ್ನೊಬ್ಬನ ಹೊರತು ಯಾರೂ ಅವರ ಹತ್ತಿರ ಗಾಡಿ ತರಲಿಲ್ಲ. ಸದಾನಂದನ ಹೆಂಡತಿ ಮಗುವನ್ನೆತ್ತಿಕೊಂಡು ಎದುರು ಬಂದರೆ ಅವರೇ ಓಣಿಗೆ ತಿರುಗಿಬಿಡುತ್ತಿದ್ದರು. ಕೊನೆಗೆ ಗ್ಯಾರೇಜು ಮುಚ್ಚಿ ಊರು ಬಿಟ್ಟರು.

ಕೊನೆಯ ಸಲ ಅವರನ್ನು ಕಂಡದ್ದು ಕಾಪುವಿನಲ್ಲಿ, ದೋಣಿ ಇಂಜಿನ್ ರಿಪೇರಿಯ ಒಂದು ಶೆಡ್ಡಿನಲ್ಲಿ. ತುಂಬ ಇಳಿದುಹೋಗಿದ್ದರು. ಆಲ್ಬರ್ಟ್ ಊರಿಗೆ ಬರುತ್ತಾನಾ ಎಂದು ಕೇಳಿದೆ.

"ಮೊನ್ನೆ ಬಂದಿದ್ದ, ಹೆಂಡತಿ ಮಕ್ಕಳ ಜೊತೆ. ಕಲ್ಯಾಣಪುರದಲ್ಲಿ ಮನೆ ಕಟ್ಟಿಸಿದ್ದಾನೆ. ಕಾರಿನಲ್ಲಿ ಎಂತದೋ ಶಬ್ದ ಬರ್ತಾ ಇತ್ತು. ನಾನು ಬಾನೆಟ್ ಎತ್ತಿದೆ." ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. "ಅವನ ಹೆಂಡತಿ ಹೇಳಿದಳು, 'ಅವರ ಕೈಗೆ ಕೊಡ್ಬೇಡಿ, ಮಕ್ಕಳು ಕೂತುಕೊಳ್ಳುವ ಗಾಡಿ' ಅಂತ."

"ಆಲ್ಬರ್ಟ್ ಎಂತ ಹೇಳಿದ?"

"ಎಂತ ಹೇಳುವುದು? ಬಾನೆಟ್ ಮುಚ್ಚಿದ."