ಐದು ಜಿಬಿ ಕದ್ದವನು

ಮೊನ್ನೆ ಕತ್ತರಿ ಹುಡುಕುತ್ತ ಮೇಜಿನ ಡ್ರಾಯರ್ ಎಳೆದರೆ, ಕತ್ತರಿಯ ಬದಲು ಅಂಗೈಯಗಲದ ಹಾರ್ಡ್ ಡಿಸ್ಕ್ ಸಿಕ್ಕಿತು. ಸ್ಟಿಕ್ಕರ್ ಮೇಲಿನ 60 ಜಿಬಿ ಇನ್ನೂ ಮಾಸಿಲ್ಲ. ಅಳತೆ ನೋಡುತ್ತಿದ್ದ ನನ್ನ ಹಳೆಯ ವರ್ನಿಯರಿನ ಪಕ್ಕ ಬಿದ್ದುಕೊಂಡು ಅದಕ್ಕೂ ಪೀಣ್ಯದ ಎಣ್ಣೆ ವಾಸನೆ ಹತ್ತಿತ್ತು. ಡಿಸ್ಕಿಗೆಲ್ಲಿಯ ವಾಸನೆ ಎನ್ನುತ್ತೀರಾ? ನನ್ನನ್ನು ನಂಬದವರ ಸಾಲು ದೊಡ್ಡದಿದೆ, ಹೋಗಿ ಹಿಂದೆ ನಿಂತುಕೊಳ್ಳಿ.

ಪೀಣ್ಯದಲ್ಲಿ ಯಂತ್ರದ ಶಾಫ್ಟು ತಯಾರಿಸುವ ಒಂದು ಯೂನಿಟ್ಟಿನಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಅಂದರೆ, ಬೆಳಗಿನಿಂದ ಸಂಜೆಯವರೆಗೆ ಇತರರ ಕೆಲಸವನ್ನು ಅನುಮಾನಿಸುವುದು, ತಿಂಗಳ ಕೊನೆಗೆ ಅದಕ್ಕೆ ಸಂಬಳ ಎಣಿಸಿಕೊಳ್ಳುವುದು. ಬಿಡುವಿನಲ್ಲಿ ಕೀಟಲೆ. ಜಂಬವೆಂದುಕೊಂಡರೂ ಸರಿ, ಆ ರಸ್ತೆಯಲ್ಲಿ ನನ್ನ ಮಟ್ಟದ ಕೀಟಲೆಗಾರ ಇನ್ನೊಬ್ಬನಿರಲಿಲ್ಲ. ಫಾರಿನ್ ಗಿರಾಕಿ ಬರುತ್ತಿದ್ದಾನೆ, ಮೀಸೆಯಿದ್ದವರು ಒಳಗೆ ಬರಕೂಡದು ಎಂದು ಬೋರ್ಡಿಗೆ ಚೀಟಿ ಅಂಟಿಸಿ ಒಂದೇ ದಿನ ಹನ್ನೊಂದು ಮೀಸೆ ಬೋಳಿಸಿದವನು ನಾನು. ಊಟದ ಡಬ್ಬಿಗಳ ಮೇಲಿನ ಹೆಸರಿನ ಸ್ಟಿಕ್ಕರ್ ಅದಲುಬದಲು ಮಾಡಿ, ಸಕ್ಕರೆ ಕಾಯಿಲೆಯ ಮ್ಯಾನೇಜರಿಗೆ ಪರರ ಹೋಳಿಗೆ ತಿನ್ನಿಸಿದವನೂ ನಾನೇ. ಆಮೇಲೆ ಗೇಟಿನೆದುರಿನ ಬೇಕರಿಯಲ್ಲಿ ಎಲ್ಲರ ಮುಂದೆ ಕೈಮುಗಿದು ಅವರ ಕ್ಷಮೆ ಕೇಳಿ, ಕೊರಳಿಗೆ ಹಾರ ಹಾಕಿದೆ. ಹಾರದೊಳಗೆ ತುರಿಕೆ ಸೊಪ್ಪು ಪೋಣಿಸಿದ್ದೆ.

ಯೂನಿಟ್ಟಿನ ಎಲೆಕ್ಟ್ರಿಷಿಯನ್ ಮಲ್ಲಪ್ಪ ಗದಗದ ಕಡೆಯವನು. ಹೆಂಡತಿ ಶಾಂತವ್ವನೊಂದಿಗೆ ರಾಜಗೋಪಾಲನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಆಗ ನನ್ನ ಮಗ ಟಿವಿಗೆ ಜೋಡಿಸಿ ಆಡುತ್ತಿದ್ದ ಗೇಮಿನ ಪೆಟ್ಟಿಗೆ ಕೆಟ್ಟು ಅಟ್ಟ ಸೇರಿತ್ತು. ಮನೆಯ ಕಂಪ್ಯೂಟರಿನಲ್ಲಿ ಮಗಳ ಮದುವೆಯ ಫೋಟೊ ತುಂಬಿ, ಇನ್ನೊಂದು ಹಾಕಿದರೆ ಜಾಗವಿಲ್ಲ ಎನ್ನುತ್ತಿತ್ತು. ಮಲ್ಲಪ್ಪ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ.

"ಅಣ್ಣಾರ, ಪೆಟಗಿ ಸತ್ತದ, ಒಳಗಿನ ಡಿಸ್ಕ್ ಬದುಕೈತ್ರಿ. ಲ್ಯಾಪ್‌ಟಾಪಿನಾಗ ಇರೋದೂ ಇಂಥಾದ್ದ. ಬಿಚ್ಚಿ ಒಂದು ಕೇಸಿನಾಗ ಕುಂಡ್ರಿಸಿ ವೈರ್ ಹಚ್ಚಿದ್ರ, ನಿಮ್ಮ ಫೋಟೊ ಎಲ್ಲಾ ಹಿಡಿತಾವು."

ಶನಿವಾರ ಮಹಡಿಗೆ ಒಯ್ದವನು ಭಾನುವಾರ ಬೆಳಿಗ್ಗೆ ಕಪ್ಪು ಕೇಸಿನೊಳಗೆ ಕೂರಿಸಿ ತಂದ. ಗೇಮಿನ ಪೆಟ್ಟಿಗೆ ಬರೆದದ್ದನ್ನು ಕಂಪ್ಯೂಟರ್ ಓದಲಾರದಂತೆ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಕೊಟ್ಟ. ಅವನು ಮೆಟ್ಟಿಲು ಹತ್ತಿದ ಮೇಲೆ ನಾನು ಅಭ್ಯಾಸಬಲದಿಂದ ಅಳತೆ ನೋಡಿದೆ. ಕಂಪ್ಯೂಟರ್ ತೋರಿಸಿದ್ದು ಐವತ್ತೈದು ಜಿಬಿ ಚಿಲ್ಲರೆ!

ಅರವತ್ತು ಮಿಲಿಮೀಟರಿನ ಶಾಫ್ಟು ಐವತ್ತೈದು ಬಂದರೆ ಅದು ಬೇರೆಯದೇ ಶಾಫ್ಟು. ಹಾಗಾದರೆ ಇದೂ ಬೇರೆಯದೇ ಡಿಸ್ಕು. ನನ್ನದನ್ನು ಇಟ್ಟುಕೊಂಡು, ಯಾವುದೋ ಸಣ್ಣದಕ್ಕೆ ನನ್ನ ಸ್ಟಿಕ್ಕರ್ ಅಂಟಿಸಿದ್ದಾನೆ. ಸ್ಟಿಕ್ಕರ್ ಕೆಲಸ ನನಗೆ ಹೇಳಿಕೊಡಬೇಕೇ? ಕೇಸು ಬಿಚ್ಚಿ ಭೂತಗನ್ನಡಿ ಹಿಡಿದೆ. ಒಂದು ಮೂಲೆ ಕೊಂಚ ಎದ್ದಿತ್ತು. ಮಲ್ಲಪ್ಪನ ಕೈಯಲ್ಲಿ ಆ ವಾರವಷ್ಟೇ ಹೊಸ ಮೊಬೈಲು ಬಂದಿತ್ತು. ಶಾಂತವ್ವ ಮೆಟ್ಟಿಲಲ್ಲಿ ಸಿಕ್ಕಾಗ ಬೇಕಾದ್ದಕ್ಕಿಂತ ಒಂದು ನಗು ಹೆಚ್ಚಿಗೆ ನಕ್ಕಿದ್ದಳು. ಸಂಜೆ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದಳು. ಬಾಯಿ ಮುಚ್ಚಿಸಲು ಲಂಚ ಎಂದುಕೊಂಡೆ. ತಿಂದೆನೆನ್ನಿ, ಆ ಮಾತು ಬೇರೆ.

ಸೋಮವಾರ ಬೇಕರಿಯಲ್ಲಿ, ಹತ್ತು ಜನರ ಮುಂದೆ, ಮ್ಯಾನೇಜರೂ ಇದ್ದಾಗ ಕೇಳಿಯೇಬಿಟ್ಟೆ. "ಏನ್ ಮಲ್ಲಪ್ಪ, ನನ್ ಡಿಸ್ಕ್ ಯಾರಿಗ್ ಮಾರ್ದೆ? ಚಿಕ್ಕದಕ್ಕೆ ಅರವತ್ತರ ಸ್ಟಿಕ್ಕರ್ ಹಚ್ಚಿದೀಯಲ್ಲ, ನನ್ಹತ್ರಾನೇ ಆಟಾನಾ?"

ಎಲ್ಲರೂ ನಕ್ಕರು. ಮಲ್ಲಪ್ಪನೂ ನಕ್ಕ. ನಾನು ನಗುತ್ತಿಲ್ಲವೆಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವನಿಗೆ.

"ನನಗ ಕಳ್ಳ ಅಂತೀರೇನ್ರಿ?" ಎಂದು ಅರ್ಧ ಟೀ ಹಾಗೇ ಇಟ್ಟು ಹೋದ.

ಯೂನಿಟ್ಟಿನ ಸ್ಟೋರಿನ ಬೀಗದ ಕೈ ಇರುತ್ತಿದ್ದದ್ದು ಅವನ ಬಳಿಯೇ. ಒಳಗೆ ತಾಮ್ರದ ತಂತಿ, ಮೋಟಾರು. ಅಂದು ಸಂಜೆ ಮ್ಯಾನೇಜರು ಅವನನ್ನು ಕರೆದು, "ಸ್ವಲ್ಪ ದಿನ ಕೀ ನನ್ ಹತ್ರ ಇರ್ಲಿ ಕಣಪ್ಪ" ಎಂದರು. ಮರುದಿನ ಮಲ್ಲಪ್ಪ ಬೇರೆ ರೂಮು ಹುಡುಕತೊಡಗಿದ.

ನನ್ನ ಮೊಂಡುತನ ನೋಡಿ: ಸಾಕ್ಷಿ ಬೇಕೆಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ಸೀಲು ಒಡೆಯದ ಐನೂರು ಜಿಬಿಯ ಹೊಸ ಡಿಸ್ಕನ್ನು ಕಣ್ಣೆದುರೇ ಕಂಪ್ಯೂಟರಿಗೆ ಹಾಕಿಸಿದೆ. ನಾನೂರ ಅರವತ್ತೈದು ಎಂದಿತು.

"ಇದನ್ನೂ ಯಾರೋ ಬದಲಾಯಿಸಿದಾರೆ" ಎಂದೆ.

"ಇಲ್ಲ ಸಾರ್," ಎಂದ ಅಂಗಡಿಯವನು. "ಡಿಸ್ಕ್ ಮಾಡೋರು ಸಾವಿರ ಸಾವಿರವಾಗಿ ಎಣಿಸ್ತಾರೆ. ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ ಎಣಿಸುತ್ತೆ. ಡಿಸ್ಕ್ ಅದೇ, ಅಳತೆ ಬೇರೆ. ಎಲ್ಲಾದ್ರಲ್ಲೂ ಹಿಂಗೇ ಬರೋದು."

ಅವನನ್ನೂ ಅನುಮಾನಿಸಿ ಇನ್ನೆರಡು ತೆಗೆಸಿದೆ. ಎಲ್ಲವೂ ಕಮ್ಮಿ. ಅಷ್ಟನ್ನೂ ಮಲ್ಲಪ್ಪನೊಬ್ಬನೇ ಬದಲಾಯಿಸಿರಲಾರ. ಇಂಚಿನ ಡ್ರಾಯಿಂಗನ್ನು ಮಿಲಿಮೀಟರಿನಲ್ಲಿ ಓದಿದವರನ್ನು ಜನ್ಮ ಜಾಲಾಡುತ್ತಿದ್ದ ನಾನು ಮನೆಯವರೆಗೆ ತಲೆಯೆತ್ತದೆ ನಡೆದೆ.

ಮಹಡಿಯಲ್ಲಿ ಶಾಂತವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ತಪ್ಪಾಯಿತು ಎಂದರೆ, ಆಕೆ ಮೊದಲು ನನ್ನ ಕೈ ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿದಳು.

"ಕಿಸೇದಾಗ ಏನೈತ್ರಿ?"

"ಏನೂ ಇಲ್ಲಮ್ಮ."

ಒಳಗಿನಿಂದ ಮಲ್ಲಪ್ಪ ಹೇಳಿದ, "ಕಳ್ಳ ಅಂದದ್ದು ಬೇಕರ್ಯಾಗ, ತಪ್ಪಾತು ಅನ್ನೋದು ಬಾಗಲಾಗ ಏನ್ರಿ?"

ಮರುದಿನ ಬೇಕರಿಯಲ್ಲಿ ಅದೇ ಜನ, ಅದೇ ಮ್ಯಾನೇಜರು. ಮಲ್ಲಪ್ಪ ದೂರದಲ್ಲಿ ಕಂಬಕ್ಕೆ ಒರಗಿದ್ದ. ನಾನು ಗಂಟಲು ಸರಿಮಾಡಿಕೊಂಡೆ. "ಮಲ್ಲಪ್ಪ ಏನೂ ಕದ್ದಿಲ್ಲ. ಅಳತೆ ಗೊತ್ತಿಲ್ದೆ ನಾನೇ ಬಾಯಿಗ್ ಬಂದಂಗೆ ಅಂದ್ಬಿಟ್ಟೆ. ತಪ್ಪಾಯ್ತು."

ಬೇಕರಿಯೇ ಹಾರಿಹೋಗುವಂತೆ ನಕ್ಕರು. "ಹಾರ ಎಲ್ಲಿ ಗುರು?" ಎಂದನೊಬ್ಬ. ಇನ್ನೊಬ್ಬ ತನ್ನ ಟೀ ಮೂಸಿ ನೋಡಿದ. ಮ್ಯಾನೇಜರು ಕೊರಳು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಮತ್ತೆ ಹೇಳಿದೆ, ಇನ್ನೂ ಜೋರಾಗಿ ನಕ್ಕರು. ಮೂರನೆಯ ಸಲ ಹೇಳುವಾಗ ನನ್ನ ದನಿ ನಡುಗಿತು. "ಆಕ್ಟಿಂಗ್ ಸಕ್ಕತ್ ಕಣಣ್ಣ!" ಎಂದು ಚಪ್ಪಾಳೆ ಹೊಡೆದರು. ಜನ ನಗುತ್ತಿದ್ದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಅವತ್ತು ಆ ನಗು ಬೇಡವಾಗಿತ್ತು. ಇದು ತಮಾಷೆಯಾಗಿಯೇ ಉಳಿದರೆ ಆ ಬೀಗದ ಕೈ ವಾಪಸು ಬರುವುದಿಲ್ಲ.

ಮಲ್ಲಪ್ಪ ನನ್ನ ಮುಖವನ್ನೇ ನೋಡುತ್ತಿದ್ದವನು ಕಂಬ ಬಿಟ್ಟು ಮುಂದೆ ಬಂದ. "ನಗಬ್ಯಾಡ್ರೋ. ಈ ಸಲ ಅಣ್ಣಾರು ಖರೇ ಹೇಳಾಕತ್ತಾರ. ನಾ ಜಾಮೀನು."

ನಗು ನಿಂತಿತು. ನಾನು ಮೂರು ಸಲ ಹೇಳಿದರೂ ಯಾರೂ ನಂಬದ ಮಾತನ್ನು, ನಾನು ಯಾರನ್ನು ಕಳ್ಳನೆಂದಿದ್ದೆನೋ ಅವನು ಒಂದು ಸಲ ಹೇಳಿದ್ದಕ್ಕೆ ಎಲ್ಲರೂ ನಂಬಿದರು. ಮ್ಯಾನೇಜರು ಅಲ್ಲಿಯೇ ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟರು. ಪಾತ್ರೆಗಳು ಗೋಣಿಚೀಲದಿಂದ ಹೊರಬಂದವು. ಇನ್ನೂ ಆರು ವರ್ಷ ನಮ್ಮ ಮಹಡಿಯಲ್ಲೇ ಸದ್ದು ಮಾಡಿದವು.

ಮಲ್ಲಪ್ಪ ಈಗ ಊರಿನಲ್ಲಿದ್ದಾನೆ. ನೆನ್ನೆ ಫೋನು ಮಾಡಿ, ಸೋಮವಾರ ನನಗೆ ಹೃದಯದ ಆಪರೇಷನ್ನು ಎಂದೆ.

"ಖರೇ ಏನ್ರಿ? ಅಕ್ಕಾರ ಕೈಯಾಗ ಫೋನ್ ಕೊಡ್ರಿ."

ಮೊದಲಾಗಿದ್ದರೆ, ಈ ವಯಸ್ಸಿನಲ್ಲೂ ನನ್ನನ್ನು ಕಂಡರೆ ಇಷ್ಟು ಹೆದರಿಕೆಯೇ ಎಂದು ಬೀಗುತ್ತಿದ್ದೆ. ನೆನ್ನೆ ಸುಮ್ಮನೆ ಹೆಂಡತಿಯ ಕೈಗೆ ಕೊಟ್ಟೆ.

"ಹೂಂ ಮಲ್ಲಪ್ಪ, ನಿಜಾನೇ" ಎಂದಳು ಅವಳು.

ಫೋನು ಇಡುವುದನ್ನೂ ಮರೆತು ಅವನು ಕೂಗಿದ್ದು ನನ್ನವರೆಗೂ ಕೇಳಿಸಿತು. "ಏ ಶಾಂತವ್ವಾ, ಬ್ಯಾಗ್ ತಗೀ. ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು."