ಎಡಚಕ್ರದ ಮೇಲಿನ ಆರೋಪ

ಬೀದಿಯ ಕೊನೆಯ ಮನೆಯ ಸೂಪರಿಂಟೆಂಡೆಂಟರು ನಿವೃತ್ತರಾದದ್ದು ಕಚೇರಿಯಿಂದ ಮಾತ್ರ, ಮೇಲ್ವಿಚಾರಣೆಯಿಂದಲ್ಲ. ಕಚೇರಿಯಲ್ಲಿ ಅವರದೊಂದು ಸೊಗಸಾದ ಪದ್ಧತಿಯಿತ್ತು. ಸೋಮಾರಿಯನ್ನು ಬೈದು ಪ್ರಯೋಜನವಿಲ್ಲ, ಅದು ಅವನ ಕಿವಿಗೇ ಬೀಳುವುದಿಲ್ಲ. ಆದ್ದರಿಂದ ಕೆಲಸ ಮಾಡುವವನನ್ನೇ ಕರೆದು ಬೈಯುವುದು. ಕಚೇರಿ ಹೇಗೋ ನಡೆಯಿತು. ಮನೆಯೂ ನಡೆಯಿತು. ಅವರ ಹಳೆಯ ಕಾರು ಮಾತ್ರ ಈ ಪದ್ಧತಿಗೆ ಒಗ್ಗಲಿಲ್ಲ.

ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ರಸ್ತೆಯಂಚಿನ ತರಕಾರಿಯವನು ಇವರ ಹಾರ್ನ್ ಕೇಳಿದೊಡನೆ ಕುಂಬಳಕಾಯಿಗಳನ್ನೆಲ್ಲ ಒಳಗೆಳೆದುಕೊಳ್ಳುತ್ತಿದ್ದ. ಯಜಮಾನರು ವಿಚಾರಣೆ ನಡೆಸಿದರು: ಎಳೆಯುತ್ತಿರುವುದು ಎಡಕ್ಕೆ, ಆದ್ದರಿಂದ ತಪ್ಪು ಎಡಚಕ್ರದ್ದು. ತಾವೇ ಸ್ಪ್ಯಾನರ್ ಹಿಡಿದು ಅದರ ಬ್ರೇಕನ್ನು ಸಡಿಲಿಸಿದರು. ಎಳೆತ ಕಡಿಮೆಯಾಯಿತು. ನಿಲ್ಲುವುದೂ ಕಡಿಮೆಯಾಯಿತು. ಮತ್ತೆ ಎಳೆಯತೊಡಗಿದಾಗ ಮತ್ತೆ ಸಡಿಲಿಸಿದರು. ಈಗೀಗ ಪೆಡಲ್ಲು ಪಾತಾಳ ಮುಟ್ಟಿದ ಮೇಲೆಯೇ ಕಾರಿಗೆ ನಿಲ್ಲುವ ಯೋಚನೆ ಬರುತ್ತಿತ್ತು.

ಹೀಗಿರುವಾಗ ಮಗಳಿಗೆ ದೊಡ್ಡ ಇಳಿಜಾರಿನ ಬುಡದಲ್ಲಿರುವ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮರುದಿನ ಬೆಳಗ್ಗೆ ಪುಟ್ಟ ಮಗುವನ್ನು ಹಿಂದೆ ಕೂರಿಸಿಕೊಂಡು ಆಕೆ ಇದೇ ಕಾರಿನಲ್ಲಿ ಹೊರಡುವುದೆಂದು ಯಜಮಾನರೇ ಅಪ್ಪಣೆ ಕೊಡಿಸಿದರು.

"ಮಗು ಕೂರೋ ಗಾಡಿ. ಇನ್ನೊಂದ್ಸಲ ನೋಡಿಬಿಡಿ," ಎಂದರು ಹೆಂಡತಿ.

ಅಂಗಳದಲ್ಲಿ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿದ್ದಾಯಿತು. ಹೆಂಡತಿಯನ್ನು ಒಳಗೆ ಕೂರಿಸಿದ್ದೂ ಆಯಿತು.

"ಬ್ರೇಕ್ ಒತ್ತು."

"ಒತ್ತಿದೀನಿ."

ಎಡಚಕ್ರವನ್ನು ತಿರುಗಿಸಿ ನೋಡಿದರು, ಕದಲಲಿಲ್ಲ. ಬಲಚಕ್ರವನ್ನು ತಿರುಗಿಸಿದರು, ಅದು ಯಾವ ಚಿಂತೆಯೂ ಇಲ್ಲದೆ ಒಂದು ಸುತ್ತು ಹಾಕಿ ಬಂತು.

"ನೋಡಿದ್ಯಾ, ಬಲಗಡೇದು ಎಷ್ಟು ಸಲೀಸು. ಎಡಗಡೇದೇ ಹಟಮಾರಿ. ಇನ್ನೂ ಸಡಿಲ ಮಾಡ್ಬೇಕು."

ಆಕೆ ಕಾಲು ತೆಗೆಯದೆ ಕಿಟಕಿಯಿಂದ ತಲೆ ಹೊರಹಾಕಿದರು. "ಅಲ್ಲಾ, ನಾನು ಒತ್ತಿರೋದು ಬ್ರೇಕೇ ತಾನೆ?"

"ಮತ್ತಿನ್ನೇನು?"

"ಹಾಗಾದ್ರೆ ನಿಂತಿದ್ದು ತಪ್ಪೋ, ಸುತ್ತಿದ್ದು ತಪ್ಪೋ?"

ಯಜಮಾನರು ಬಲಚಕ್ರವನ್ನು ಇನ್ನೊಮ್ಮೆ ತಿರುಗಿಸಿದರು. ಅದು ಇನ್ನೊಂದು ಸುತ್ತು ಹಾಕಿ ಬಂತು.

"ಈ ಮನೇಲಿ ಮೊದ್ಲಿಂದ ಇದೇ ಆಗ್ಹೋಯ್ತು," ಎಂದು ಆಕೆ ಕೆಳಗಿಳಿದರು. "ಮಾಡೋರಿಗೇ ಮಂಗಳಾರತಿ."

ಬಲಚಕ್ರವನ್ನು ಬಿಚ್ಚಿ, ಡ್ರಮ್ ತೆಗೆದು ನೋಡಿದರೆ, ಒಳಗೆ ಬ್ರೇಕ್ ಆಯಿಲ್ ಸೋರಿ, ಚಕ್ರವನ್ನು ಹಿಡಿದು ನಿಲ್ಲಿಸುವ ಲೈನರು ಜಿಡ್ಡಾಗಿತ್ತು. ಹಿಡಿಯಬೇಕಾದದ್ದು ಡ್ರಮ್ಮನ್ನು ಮೆಲ್ಲಗೆ ಸವರುತ್ತಿತ್ತು. ಇಷ್ಟು ದಿನ ಮುಂದಿನ ಭಾರವನ್ನೆಲ್ಲ ಎಡಚಕ್ರವೊಂದೇ ತಡೆದಿತ್ತು. ಯಜಮಾನರು ಅದರ ಕೈಯನ್ನೇ ಕಟ್ಟುತ್ತ ಬಂದಿದ್ದರು. ಆ ಇಳಿಜಾರು, ಹಿಂದಿನ ಸೀಟಿನ ಮಗು, ಎರಡೂ ಒಟ್ಟಿಗೆ ಕಣ್ಣಮುಂದೆ ಬಂದವು. ಅವರು ಕಾರಿನ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಮಗಳು ಬಂದಳು. "ಅಪ್ಪಾ, ಕೀ ಎಲ್ಲಿಟ್ಟಿದೀರಾ?"

"ನಾಳೆ ಬಸ್ಸಲ್ಲಿ ಹೋಗಮ್ಮ. ಇದನ್ನ ಗ್ಯಾರೇಜಿಗೆ ಎಳೆಸ್ಕೊಂಡು ಹೋಗ್ಬೇಕು."

"ಎಡಗಡೇದು ಸರಿಮಾಡಿದೀನಿ ಅಂದಿದ್ರಲ್ಲ?"

ಸೇವಾವಧಿಯುದ್ದಕ್ಕೂ ಒಮ್ಮೆಯೂ ಬಳಸದಿದ್ದ ಮಾತನ್ನು ಯಜಮಾನರು ಈಗ ಬಳಸಿದರು. "ಎಡಗಡೇದು ಮೊದ್ಲಿಂದ ಸರಿಯಾಗೇ ಇತ್ತು. ತಪ್ಪು ಬಲಗಡೇದು."

"ಬಲಗಡೆ ಅಂದ್ರೆ," ಹೆಂಡತಿ ಚಾಲಕನ ಸೀಟನ್ನು ತಟ್ಟುತ್ತ ಕೇಳಿದರು, "ಚಕ್ರಾನೋ, ಇಲ್ಲಿ ಕೂತು ಓಡಿಸ್ತಿದ್ದೋರೋ?"

"ಎರಡೂ ಅಂತಿಟ್ಕೋ," ಎಂದು ಗೊಣಗಿ, ಯಜಮಾನರು ಸ್ಪ್ಯಾನರ್ ಹಿಡಿದು ಎಡಚಕ್ರದ ಕಡೆಗೆ ತೆವಳಿದರು, ಸಡಿಲಿಸಿದ್ದನ್ನೆಲ್ಲ ಬಿಗಿ ಮಾಡಲು.