ಯಾಡಿ ಒಯ್ಯುತ್ತಿದ್ದ ಗಂಟು

ಮೊನ್ನೆ ಪಕ್ಕದ ಮನೆಯವರು ಅಂಟುವಾಳದ ನೊರೆಯಲ್ಲಿ ರೇಷ್ಮೆ ಸೀರೆ ಅದ್ದಿದ್ದರು. ಆ ವಾಸನೆ ಕಾಂಪೌಂಡ್ ದಾಟಿ ಬಂದದ್ದೇ ತಡ, ಓದುತ್ತಿದ್ದ ಪೇಪರ್ ಮಡಚಿಟ್ಟೆ. ಯಾಡಿಯ ನೆನಪಾಯಿತು...

ನಾನು ಸವಳಂಗದ ಹತ್ತಿರ ಮೇಷ್ಟ್ರಾಗಿದ್ದಾಗ, ಮಕ್ಕಳಿಗೆ ಸುತ್ತಮುತ್ತಲ ಕಲಾವಿದರಿಂದಲೇ ಕಲೆ ಕಲಿಸಬೇಕೆಂದು ಆದೇಶ ಬಂತು. ಲಂಬಾಣಿ ಕಸೂತಿ ಕಲಿಸಲು ತಾಂಡಾದಿಂದ ಪ್ರತಿ ಶನಿವಾರ ಬಸ್ಸಿನಲ್ಲಿ ಬರುತ್ತಿದ್ದ ಮುದುಕಿಯನ್ನು ಮಕ್ಕಳೆಲ್ಲ ಯಾಡಿ ಅನ್ನುತ್ತಿದ್ದರು. ಲಂಬಾಣಿ ಮಾತಿನಲ್ಲಿ ಅಮ್ಮ ಅಂತ. "ನಮ್ ಸೊಸೇರು ಸೂಜಿ ಮುಟ್ಟಂಗಿಲ್ಲ ಮೇಷ್ಟ್ರೇ, ಈ ಮಕ್ಳಾದ್ರೂ ಕಲೀಲಿ" ಎಂದಿದ್ದಳು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನ ಲೀಟರನ್ನೂ ನಂಬದವನು ನಾನು. ಪಾಠ ಮುಗಿದ ಮೇಲೆ ಯಾಡಿ ಮಕ್ಕಳು ಹೊಲಿದ ಬಟ್ಟೆ ತುಂಡುಗಳನ್ನೆಲ್ಲ ಗಂಟು ಕಟ್ಟಿ ಒಯ್ಯುವಳು. ಮುಂದಿನ ಶನಿವಾರ ಅವು ಥಳಥಳ ಹೊಳೆಯುತ್ತಾ, ಅಂಟುವಾಳದ ವಾಸನೆಯೊಂದಿಗೆ ವಾಪಸ್ ಬರುವವು. ಯಾಕೆ ಒಯ್ಯಬೇಕು? ಹೊನ್ನಾಳಿಯಲ್ಲಿ ಶಾಲಾ ಮಕ್ಕಳ ಕಸೂತಿ ಪ್ರದರ್ಶನ ಬೇರೆ ಹತ್ತಿರವಿತ್ತು. ಐದನೇ ಕ್ಲಾಸಿನ ಒಬ್ಬ ಹುಡುಗಿಯ ತುಂಡಂತೂ ಎಲ್ಲಕ್ಕಿಂತ ಚೆಂದವಿತ್ತು. ಅಷ್ಟು ಸಣ್ಣವಳು ಬಟ್ಟೆಗೆ ಇಷ್ಟು ಅಚ್ಚುಕಟ್ಟಾಗಿ ಕನ್ನಡಿ ಚೂರು ಕೂರಿಸುತ್ತಾಳೆಯೇ? ಇದೆಲ್ಲ ಯಾಡಿಯೇ ಮನೆಯಲ್ಲಿ ಹೊಲಿದದ್ದು ಎಂದು ತೀರ್ಮಾನಿಸಿಬಿಟ್ಟೆ.

ಒಂದು ಶನಿವಾರ ಆಕೆ ತುಂಡುಗಳನ್ನು ಹಂಚಿ ನೀರು ಕುಡಿಯಲು ಹೋದಾಗ, ಆ ಹುಡುಗಿಯದನ್ನು ಕಸಿದು ಬ್ಲೇಡಿನಿಂದ ಒಂದು ಕನ್ನಡಿಯ ಹೊಲಿಗೆ ಬಿಚ್ಚಿದೆ. ಎಲ್ಲಿ, ನನ್ನೆದುರಿಗೆ ಹೊಲಿ ಎಂದೆ. ಅಳುತ್ತಲೇ ಹೊಲಿದಳು. ಕನ್ನಡಿ ಮೊದಲಿದ್ದಂತೆಯೇ ಕೂತಿತು. ತಲೆಯೆತ್ತಿದರೆ ಬಾಗಿಲಲ್ಲಿ ಯಾಡಿ.

"ಕೈ ಮಕ್ಳದೇ ಐತೆ ಮೇಷ್ಟ್ರೇ. ಬೆವರಿನ ಕಲೆ ಹತ್ತಿರ್ತೈತೆ, ಹೊನ್ನಾಳ್ಯಾಗೆ ಯಾರೂ ನಗಬಾರ್ದು ಅಂತ ತೊಳ್ಯಾಕೆ ಒಯ್ತಿದ್ದೆ. ಕೇಳಿದ್ರೆ ಹೇಳ್ತಿದ್ನಲ್ರೀ."

ಅವತ್ತಿನ ಪಾಠ ಪೂರ್ತಿ ಮುಗಿಸಿಯೇ ಹೋದಳು. ಗಂಟು ಮಾತ್ರ ಕಟ್ಟಲಿಲ್ಲ.

ಮತ್ತೆ ಬರಲಿಲ್ಲ. ಅಂಚಿನ ಹೊಲಿಗೆ ಕಲಿಸುವುದು ಬಾಕಿಯಿತ್ತು. ಮಕ್ಕಳ ತುಂಡುಗಳು ಅಂಚಿಲ್ಲದೆ, ಬೆವರಿನ ಕಲೆಯ ಸಮೇತ ಹೊನ್ನಾಳಿಗೆ ಹೋದವು. ನಾಚಿಕೆಯಿಂದ ನಾನು ಅಲ್ಲಿಗೆ ಹೋಗಲೇ ಇಲ್ಲ. ತಾಂಡಾಕ್ಕೆ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಎರಡು ಸಲ ಬಸ್ ಸ್ಟಾಪಿನ ತನಕ ಹೋದೆ... ಎಲ್ಲರೆದುರು ಬೈದು ಕಳಿಸಿದರೆ? ಆ ಅನುಮಾನಕ್ಕೇ ಎರಡು ಸಲವೂ ಹಿಂದಿರುಗಿದೆ.

ಮೊನ್ನೆ ಮನಸ್ಸು ತಡೆಯದೆ, ಯಾರಿಂದಲೋ ನಂಬರ್ ಪಡೆದು ಆ ಹುಡುಗಿಗೆ ಫೋನ್ ಮಾಡಿದೆ. ಅವಳೀಗ ಚನ್ನಗಿರಿಯಲ್ಲಿ ಟೀಚರ್.

"ಯಾಡಿ ತೀರ್ಕೊಂಡು ಎರಡು ವರ್ಷ ಆತಲ್ಲ ಸರ್" ಅಂದಳು.

"ಯಾರು ಹೇಳಿದ್ರು?" ನನ್ನ ಬಾಯಿಂದ ಮೊದಲು ಹೊರಟದ್ದು ಇದೇ ಮಾತು.



"ಮಣ್ಣಿಗೆ ನಾನೇ ಹೋಗಿದ್ದೆ ಸರ್."

ಈ ಸಲ ನಂಬಿದೆ. ಅಳು ತಡೆಯಲಾಗಲಿಲ್ಲ.